ಆಳಂದದ ಒಂದು ತೊಗರಿ ಹೊಲಕ್ಕೂ ರೋಮ್‌ನಲ್ಲಿ ಆದ ಬೀಜ ಹಂಚಿಕೆಯ ಒಪ್ಪಂದಕ್ಕೂ ಏನು ಸಂಬಂಧ?

2022ರ ಡಿಸೆಂಬರ್ 19ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ದೇಶ ದೇಶಗಳ ಪ್ರತಿನಿಧಿಗಳು ಸೇರಿ ಜೀವವೈವಿಧ್ಯ ಉಳಿಸುವ 23 ಗುರಿಗಳಿಗೆ ಒಪ್ಪಿಗೆ ಕೊಟ್ಟರು. 2030ರೊಳಗೆ ಭೂಮಿಯ ನೆಲ, ನೀರಿನಲ್ಲಿ ಶೇ 30ರಷ್ಟನ್ನು ಕಾಪಾಡಬೇಕು ಅನ್ನೋದು ಅದರಲ್ಲಿ ಪತ್ರಿಕೆಗಳಿಗೆ ಸುದ್ದಿಯಾದ ಗುರಿ. ಅದೇ ಪಟ್ಟಿಯ ನಾಲ್ಕನೇ ಗುರಿಯ ಬಗ್ಗೆ ಮಾತಾಡಿದವರು ಕಡಿಮೆ. ಕಾಡಿನ ಜೀವಿಗಳ ಜೊತೆಗೆ ನಾವು ಬೆಳೆಯುವ ಬೆಳೆ, ಸಾಕುವ ದನಕರುಗಳ ತಳಿ ವೈವಿಧ್ಯವನ್ನೂ ಉಳಿಸಬೇಕು ಅಂತ ಅದು ಹೇಳುತ್ತದೆ.

ಅದೇ ವಾರ ಕಲಬುರಗಿ ಜಿಲ್ಲೆಯಲ್ಲಿ ತೊಗರಿ ನಿಂತಲ್ಲೇ ಒಣಗುತ್ತಿತ್ತು. ನಾಲ್ಕು ದಿನ ಕಳೆದರೆ ಎಳ್ಳ ಅಮಾವಾಸ್ಯೆ, ಮನೆ ಮಂದಿಯೆಲ್ಲ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಭೂಮಿತಾಯಿಗೆ ಎಡೆ ಕೊಡುವ ಹಬ್ಬ. ಆ ವರ್ಷ ಎಷ್ಟೋ ಹೊಲಗಳಲ್ಲಿ ಒಣಗಿದ ತೊಗರಿ ಸಾಲಿನ ನಡುವೆಯೇ ಚರಗ ಚೆಲ್ಲಿದರು. ರೈತ ಸಂಘಟನೆಗಳು ಪರಿಹಾರಕ್ಕಾಗಿ ಬೀದಿಗಿಳಿದವು. ಕೊನೆಗೆ ಸರ್ಕಾರ ಹೆಕ್ಟೇರಿಗೆ 10 ಸಾವಿರ ರೂಪಾಯಿ ಘೋಷಿಸಿತು.

ಮಾಂಟ್ರಿಯಲ್ ಎಲ್ಲಿ, ಆಳಂದ ಎಲ್ಲಿ? ದೊಡ್ಡ ದೊಡ್ಡ ಸಮ್ಮೇಳನಗಳಿಂದ ನಮಗೆ ಏನು ಬಂತು ಅಂತ ಕೇಳುವವರನ್ನು ನಾನು ತಪ್ಪು ಅನ್ನುವುದಿಲ್ಲ. ಆದರೆ ಒಂದೇ ಹೊಲ ಹಿಡಿದು, ಅಲ್ಲಿ ಬಿದ್ದ ಬೀಜ ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗುತ್ತಾ ಹೋದರೆ ಉತ್ತರ ಸಿಗುತ್ತದೆ. ಈ ಬರಹದಲ್ಲಿ ಮಾಡಿರುವುದು ಅಷ್ಟೇ.

ಹೊಲದಲ್ಲಿ ಆದದ್ದು

ಆಳಂದ ತಾಲೂಕಿನ ಒಂದು ಹಳ್ಳಿ. ಅಣ್ಣ ತಮ್ಮ ಇಬ್ಬರ ಹೊಲ ಅಕ್ಕಪಕ್ಕ, ನಡುವೆ ಒಂದು ಬದು. ಇಬ್ಬರೂ ನನಗೆ ದೂರದ ಸಂಬಂಧ. ದೊಡ್ಡ ಕಾಕಾ, ಸಣ್ಣ ಕಾಕಾ ಅಂತ ಕರೆದು ರೂಢಿ. ಎರಡೂ ಕಪ್ಪು ಎರೆ ಭೂಮಿ, ಬಿದ್ದ ಮಳೆ ಒಂದೇ, ಬಿತ್ತಿದ ವಾರವೂ ಹೆಚ್ಚು ಕಡಿಮೆ ಒಂದೇ.

ದೊಡ್ಡ ಕಾಕಾ ವರ್ಷ ವರ್ಷವೂ ತೊಗರಿಯನ್ನೇ ಹಾಕುತ್ತಾ ಬಂದವರು. ಅವರನ್ನು ದೂರಿ ಫಲವಿಲ್ಲ. ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ಕಾಸು ಸಿಗುವುದು ತೊಗರಿಗೆ, ಆಳುಗಳ ತಾಪತ್ರಯ ಕಡಿಮೆ ಇರುವುದೂ ತೊಗರಿಗೆ. ಬೀಜವೂ ಮನೆಯದೇ. ಹಲವು ವರ್ಷಗಳ ಹಿಂದೆ ರೈತ ಸಂಪರ್ಕ ಕೇಂದ್ರದಿಂದ ತಂದ ಟಿಎಸ್-3ಆರ್ ತಳಿಯ ತೊಗರಿಯನ್ನು ರಾಶಿ ಮಾಡಿದಾಗಲೆಲ್ಲ ಸ್ವಲ್ಪ ತೆಗೆದಿಟ್ಟು ಅದನ್ನೇ ಮತ್ತೆ ಬಿತ್ತುತ್ತಿದ್ದರು. ಸಣ್ಣ ಕಾಕಾ ಒಂದು ವರ್ಷ ತೊಗರಿ ಹಾಕಿದರೆ ಮರುವರ್ಷ ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ. ಬೀಜವನ್ನೂ ಎರಡು ಮೂರು ವರ್ಷಕ್ಕೊಮ್ಮೆ ಬದಲಿಸುತ್ತಿದ್ದರು.

2022ರ ಮುಂಗಾರಿನಲ್ಲಿ ಮಳೆ ಜಾಸ್ತಿ ಆಯಿತು. ಹೊಲದಲ್ಲಿ ನೀರು ನಿಂತಿತು. ಆಮೇಲೆ ಮಳೆ ನಿಂತು ಗಿಡ ಚೇತರಿಸಿಕೊಂಡು ಹೂವಿಗೆ ಬಂತು, ಕಾಯಿ ಕಟ್ಟುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಿಡ ಬಾಡತೊಡಗಿತು. ಸ್ವಲ್ಪ ದಿನಕ್ಕೆ ಸಾಲು ಸಾಲೇ ಹೋಯಿತು. ನಮ್ಮ ಕಡೆ ಇದಕ್ಕೆ ನೆಟೆ ರೋಗ ಅಂತಾರೆ.

ಸಣ್ಣ ಕಾಕಾ ಅಣ್ಣನ ಹೊಲದಲ್ಲಿ ಒಂದು ಗಿಡ ಕಿತ್ತು, ಬುಡವನ್ನು ಕುಡಗೋಲಿನಿಂದ ಉದ್ದಕ್ಕೆ ಸೀಳಿ ನನಗೆ ತೋರಿಸಿದರು. ಹೊರಗಡೆ ಬುಡದಿಂದ ಮೇಲಕ್ಕೆ ಒಂದು ನೇರಳೆ ಬಣ್ಣದ ಪಟ್ಟಿ. ಒಳಗೆ ಬಿಳಿಯಾಗಿರಬೇಕಾದ ಕಟ್ಟಿಗೆಯಲ್ಲಿ ಕಪ್ಪು ಕಪ್ಪು ಗೆರೆ. ಬೇರಿನ ಹತ್ತಿರದ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಇನ್ನೂ ಹಸಿ ಇತ್ತು. ನೆಲದಲ್ಲಿ ನೀರಿದ್ದೂ ಗಿಡ ನೀರಿಲ್ಲದೆ ಸತ್ತಿತ್ತು. ಯಾಕಂದ್ರೆ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು ನೀರು ಏರುವ ನಾಳವನ್ನೇ ಕಟ್ಟಿಬಿಡುತ್ತದೆ.

"ತಮ್ಮಾ, ಎಣ್ಣಿ ಹೊಡದಿದ್ದೇ ಹೊಡದಿದ್ದು. ಅಂಗಡ್ಯಾಂವ ಕೊಟ್ಟಿದ್ದೆಲ್ಲಾ ಹೊಡದೆ. ಒಂದ್ ಗಿಡಾ ಎದ್ದ್ ನಿಲ್ಲಲಿಲ್ಲ ನೋಡು" ಅಂದರು ದೊಡ್ಡ ಕಾಕಾ.

ಏಳುವುದೂ ಇಲ್ಲ. ಒಮ್ಮೆ ಗಿಡದೊಳಗೆ ಸೇರಿದ ಮೇಲೆ ಔಷಧಿ ಹೊಡೆದು ಉಳಿಸುವ ರೋಗ ಇದಲ್ಲ. ಫ್ಯುಸೇರಿಯಂ ಉಡಮ್ ಅನ್ನುವ ಈ ಶಿಲೀಂಧ್ರ ಮಣ್ಣಿನಲ್ಲಿ ಉಳಿದ ತೊಗರಿ ಕೂಳೆಯಲ್ಲಿ ಮೂರು ವರ್ಷದವರೆಗೆ ಬದುಕಿರುತ್ತದೆ. ಅದೇ ಹೊಲಕ್ಕೆ ಮತ್ತೆ ತೊಗರಿ ಹಾಕಿದರೆ ಅದಕ್ಕೆ ಊಟ ಹಾಕಿದ ಹಾಗೆಯೇ. ಬಿತ್ತುವ ಮುಂಚೆ ಟ್ರೈಕೊಡರ್ಮಾ ಅನ್ನುವ ಉಪಕಾರಿ ಶಿಲೀಂಧ್ರದಿಂದ ಬೀಜೋಪಚಾರ ಮಾಡಬಹುದು, ನಡುವೆ ಜೋಳ ಹಾಕಿ ಸರಪಳಿ ತುಂಡು ಮಾಡಬಹುದು. ಇವೆಲ್ಲ ಕೆಲಸ ಮಾಡುತ್ತವೆ, ಸಣ್ಣ ಕಾಕಾನ ಹೊಲದಲ್ಲಿ ಹಾನಿ ಕಡಿಮೆ ಆಗಿದ್ದು ಅದಕ್ಕೇ. ಆದರೆ ಮೂರು ನಾಲ್ಕು ಎಕರೆ ಇರುವವನಿಗೆ ವರ್ಷ ಬಿಟ್ಟು ವರ್ಷ ತೊಗರಿ ಬಿಡು ಅನ್ನುವುದು ಸುಲಭ, ಬಿಡುವುದು ಕಷ್ಟ. ಹಾಗಾಗಿ ಕೊನೆಗೆ ರೈತನನ್ನು ಕಾಯುವುದು ರೋಗ ತಡೆಯುವ ಬೀಜ. ಆ ಬೀಜ ಬರುವುದು ಎಲ್ಲಿಂದ?

ಬೀಜದ ಜಾಡು

ಕಲಬುರಗಿಯಲ್ಲಿ ವಯಸ್ಸಾದ ಯಾವ ರೈತರನ್ನು ಕೇಳಿದರೂ 'ಮಾರುತಿ' ತೊಗರಿ ಗೊತ್ತು ಅಂತಾರೆ. ನೆಟೆ ರೋಗ ತಡೆಯುವ ಈ ತಳಿ 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆ ಆಯಿತು, ಆಮೇಲೆ ನಮ್ಮ ಭಾಗದಲ್ಲಿ ಊರಿಂದ ಊರಿಗೆ ಹಬ್ಬಿತು. ಅದರ ಇನ್ನೊಂದು ಹೆಸರು ಐಸಿಪಿ 8863. ಇಕ್ರಿಸ್ಯಾಟ್‌ನ ಬೀಜ ಭಂಡಾರದಲ್ಲಿ ಅದಕ್ಕೆ ಕೊಟ್ಟ ನಂಬರ್ ಅದು. ಮಹಾರಾಷ್ಟ್ರ ಮೂಲದ ನಾಟಿ ತೊಗರಿಯೊಂದರಿಂದ ಆರಿಸಿ ತೆಗೆದದ್ದು. ಅಂದರೆ ಕಲಬುರಗಿ ರೋಗಕ್ಕೆ ಉತ್ತರ ಇದ್ದದ್ದು ಬೇರೊಂದು ಸೀಮೆಯ ರೈತರು ಕಾಪಾಡಿಕೊಂಡು ಬಂದಿದ್ದ ಬೀಜದಲ್ಲಿ.

ಇಕ್ರಿಸ್ಯಾಟ್ ಅಂದರೆ ನಮ್ಮಿಂದ ಬಹಳ ದೂರದ ಸಂಸ್ಥೆಯೇನೂ ಅಲ್ಲ. ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಊರು ಸೇರುವ ಮುಂಚೆ ಪಟಾನ್‌ಚೆರು ಬರುತ್ತದಲ್ಲ, ಅಲ್ಲೇ ಇದೆ. 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ. ಅದರ ತಣ್ಣನೆಯ ಕೋಣೆಗಳಲ್ಲಿ ಜೋಳ, ಸಜ್ಜೆ, ಕಡಲೆ, ಶೇಂಗಾ, ತೊಗರಿ, ಕಿರುಧಾನ್ಯಗಳ 1.2 ಲಕ್ಷಕ್ಕೂ ಜಾಸ್ತಿ ಮಾದರಿಗಳಿವೆ. ತೊಗರಿಯೊಂದೇ 13 ಸಾವಿರಕ್ಕೂ ಹೆಚ್ಚು, 70ಕ್ಕೂ ಮೀರಿದ ದೇಶಗಳಿಂದ ಬಂದದ್ದು.

ಇಷ್ಟೊಂದು ಯಾಕೆ ಬೇಕು? ರೋಗ ತಡೆಯುವ ಗುಣ ಯಾವ ಬೀಜದಲ್ಲಿದೆ ಅನ್ನೋದು ನೋಡಿದರೆ ಗೊತ್ತಾಗಲ್ಲ. ಅದಕ್ಕೆ ಸಿಕ್ ಪ್ಲಾಟ್ ಅಂತ ಮಾಡುತ್ತಾರೆ. ಬೇಕಂತಲೇ ನೆಟೆ ರೋಗದ ಕಟ್ಟಿಗೆ ತಂದು ಮಣ್ಣಿಗೆ ಸೇರಿಸಿ ಸೇರಿಸಿ, ಆ ಮಡಿಯನ್ನು ರೋಗದ ಗೂಡಾಗಿ ಮಾಡಿಟ್ಟಿರುತ್ತಾರೆ. ಅಲ್ಲಿ ನೂರಾರು ತಳಿಗಳನ್ನು ಸಾಲಾಗಿ ಬಿತ್ತುತ್ತಾರೆ, ನಡು ನಡುವೆ ರೋಗಕ್ಕೆ ಖಂಡಿತ ಬಲಿಯಾಗುವ ಒಂದು ತಳಿಯ ಸಾಲು. ಆ ಸಾಲು ಪೂರ್ತಿ ಸತ್ತರೆ ಮಣ್ಣಿನಲ್ಲಿ ರೋಗ ಇದೆ ಅಂತ ಖಾತ್ರಿ. ಅದರ ಪಕ್ಕದಲ್ಲಿ ಹಸಿರಾಗಿ ನಿಂತ ಸಾಲು ಯಾವುದು, ಅದು ಮುಂದಿನ ತಳಿಗೆ ತಾಯಿಯೋ ತಂದೆಯೋ ಆಗುತ್ತದೆ. ಅಲ್ಲಿಂದ ಕ್ರಾಸ್ ಮಾಡಿ, ಆರಿಸಿ, ಮತ್ತೆ ಆರಿಸಿ, ರೈತನ ಕೈಗೆ ಒಂದು ತಳಿ ಬರಲು ಎಂಟು ಹತ್ತು ವರ್ಷ ಹಿಡಿಯುತ್ತದೆ.

ಬಂದ ಮೇಲೂ ಅದು ಶಾಶ್ವತ ಅಲ್ಲ. ಶಿಲೀಂಧ್ರಕ್ಕೂ ಬೇರೆ ಬೇರೆ ರೂಪಗಳಿವೆ, ಒಂದು ಕಡೆ ತಡೆದ ತಳಿ ಇನ್ನೊಂದು ಕಡೆ ಸೋಲುತ್ತದೆ. ಮಾರುತಿಗೆ ಗಿಡ ಹೂವು ಕಾಯಿ ಬಿಡದಂತೆ ಮಾಡುವ ಬಂಜೆ ರೋಗದ ಕಾಟವೂ ಇತ್ತು. ನೆಟೆ ಮತ್ತು ಬಂಜೆ ರೋಗ ಎರಡನ್ನೂ ತಡೆಯುವ ಆಶಾ ತಳಿ 1993ರಲ್ಲಿ ಬಂತು. ಆಮೇಲೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ಬಂದವು. ಇದು ಸಾಲದು ಅಂತ ತೊಗರಿ ಹೂವಿಗೆ ಜೇನು ಬಂದು ಕೂರುತ್ತದೆ. ಪಕ್ಕದ ಹೊಲದ ಪರಾಗ ಈ ಹೊಲಕ್ಕೆ ಬರುತ್ತದೆ, ಹಾಗಾಗಿ ಮನೆಯಲ್ಲೇ ಉಳಿಸಿದ ಬೀಜ ವರ್ಷ ವರ್ಷ ಬೆರಕೆ ಆಗುತ್ತಾ ಹೋಗಿ ರೋಗ ತಡೆಯುವ ಶಕ್ತಿ ಕಳೆದುಕೊಳ್ಳುತ್ತದೆ. ದೊಡ್ಡ ಕಾಕಾನ ಚೀಲದ ಮೇಲೆ ಹೆಸರು ಟಿಎಸ್-3ಆರ್ ಅಂತಲೇ ಇತ್ತು, ಒಳಗೆ ಇದ್ದದ್ದು ಏನೇನೋ ಸೇರಿದ ಬೀಜ.

ಅಂದರೆ ಇದು ಒಂದು ಸಲ ಮುಗಿಸಿ ಕೈತೊಳೆದುಕೊಳ್ಳುವ ಕೆಲಸ ಅಲ್ಲ. ರೋಗ ಬದಲಾದಾಗಲೆಲ್ಲ ಮತ್ತೆ ಆ 13 ಸಾವಿರದ ರಾಶಿಗೆ ಕೈ ಹಾಕಬೇಕು. ಒಮ್ಮೊಮ್ಮೆ ತೊಗರಿಯ ಕಾಡು ಬಳಗಕ್ಕೂ ಹೋಗಬೇಕು. ಒಡಿಶಾ, ಛತ್ತೀಸಗಡದ ಕಡೆ ಸಿಗುವ ಕಜಾನಸ್ ಕಜಾನಿಫೋಲಿಯಸ್ ಅನ್ನುವ ಕಾಡು ತೊಗರಿಯಿಂದಲೇ ತೊಗರಿಯ ಹೈಬ್ರಿಡ್ ಮಾಡಲು ಬೇಕಾದ ಗಂಡು ಬಂಜೆತನದ (ಹೂವಿನಲ್ಲಿ ಫಲ ಕೊಡುವ ಪರಾಗ ಹುಟ್ಟದಿರುವ) ಗುಣ ಸಿಕ್ಕಿತು. ಬೇಲಿಯಲ್ಲಿ ಹಬ್ಬುವ ಇನ್ನೊಂದು ಕಾಡು ಜಾತಿಯಲ್ಲಿ ಕಾಯಿಕೊರಕ ಹುಳುವನ್ನು ತಡೆಯುವ ಗುಣ ಇದೆ. 1997-98ರಲ್ಲಿ ಬೀದರ್, ಕಲಬುರಗಿಯಲ್ಲಿ ತೊಗರಿ ಕೈಕೊಟ್ಟಾಗ ಎಷ್ಟು ಮನೆಗಳಲ್ಲಿ ಏನೇನಾಯಿತು ಅಂತ ನೆನಪಿರುವವರಿಗೆ ಆ ಗುಣದ ಬೆಲೆ ಹೇಳಿಕೊಡಬೇಕಾಗಿಲ್ಲ.

ಒಪ್ಪಂದ ಇಲ್ಲಿ ಎಲ್ಲಿ ಬರುತ್ತದೆ?

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಮಾರುತಿ ಬಂದಾಗ ಈಗಿನ ಒಪ್ಪಂದಗಳು ಇರಲಿಲ್ಲ. ಆಗ ಬೀಜ ಓಡಾಡುತ್ತಿದ್ದದ್ದು ಒಂಥರಾ ನಂಬಿಕೆಯ ಮೇಲೆ. 1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ಬೆಳೆಗಳ ತಳಿ ಸಂಪತ್ತು ಇಡೀ ಮನುಕುಲದ ಆಸ್ತಿ ಅಂತ ಒಂದು ಹೇಳಿಕೆಗೆ ದೇಶಗಳನ್ನು ಒಪ್ಪಿಸಿತು. ಕೇಳಲು ಚೆನ್ನಾಗಿತ್ತು. ಆದರೆ ಬಡ ದೇಶಗಳ ರೈತರಿಂದ ಪುಕ್ಕಟೆಯಾಗಿ ಹೋದ ಬೀಜ, ಶ್ರೀಮಂತ ದೇಶದ ಕಂಪನಿಯ ಹಕ್ಕಾಗಿ ದುಡ್ಡಿಗೆ ವಾಪಸ್ ಬರುವ ಅಪಾಯ ಎಲ್ಲರಿಗೂ ಕಂಡಿತು. 1995ರಲ್ಲಿ ನಮ್ಮ ಅರಿಶಿನ ಗಾಯ ಮಾಯಿಸುತ್ತದೆ ಅನ್ನುವುದರ ಮೇಲೆ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟಿದ್ದರು, ಭಾರತ ಹೋರಾಡಿ 1997ರಲ್ಲಿ ರದ್ದು ಮಾಡಿಸಬೇಕಾಯಿತು.

1992ರಲ್ಲಿ ರಿಯೋದಲ್ಲಿ ಸಹಿಗೆ ಇಟ್ಟ ಜೀವವೈವಿಧ್ಯ ಒಪ್ಪಂದ (ಮಾಂಟ್ರಿಯಲ್‌ನ ಗುರಿಗಳು ಬಂದದ್ದೂ ಇದರ ಕೆಳಗೇ) ಇದಕ್ಕೆ ಬೇಲಿ ಹಾಕಿತು. ಜೀವ ಸಂಪತ್ತಿನ ಮೇಲೆ ಆಯಾ ದೇಶಕ್ಕೆ ಹಕ್ಕು, ಬೇಕಾದವರು ಕೇಳಿ ಪಡೆಯಬೇಕು, ಲಾಭ ಬಂದರೆ ಹಂಚಬೇಕು. ಭಾರತ 1994ರಲ್ಲಿ ಸೇರಿತು, 2002ರಲ್ಲಿ ಜೀವವೈವಿಧ್ಯ ಕಾಯ್ದೆ ಮಾಡಿತು. ಇದು ಆಗಲೇಬೇಕಿತ್ತು. ಆದರೆ ಬೆಳೆಗಳ ವಿಷಯದಲ್ಲಿ ಒಂದು ತೊಡಕು ಹುಟ್ಟಿತು. ಒಂದು ತಳಿ ಮಾಡಲು ಹತ್ತು ದೇಶಗಳ ಬೀಜ ಬೇಕಾದರೆ ಹತ್ತು ದೇಶಗಳ ಜೊತೆ ಬೇರೆ ಬೇರೆ ಮಾತುಕತೆ, ಬೇರೆ ಬೇರೆ ಕಾಗದ. ಅಷ್ಟರಲ್ಲಿ ಹೊಲ ಒಣಗಿರುತ್ತದೆ.

2001ರ ನವೆಂಬರ್‌ನಲ್ಲಿ ರೋಮ್‌ನಲ್ಲಿ ಒಪ್ಪಿದ ಸಸ್ಯ ತಳಿ ಸಂಪನ್ಮೂಲಗಳ ಒಪ್ಪಂದ ಬಂದದ್ದು ಈ ತೊಡಕು ಬಿಡಿಸಲು. 2004ರ ಜೂನ್‌ನಲ್ಲಿ ಜಾರಿಯಾಯಿತು. ಭಾರತ 2002ರಲ್ಲೇ ಸೇರಿತ್ತು. ಇದರ ಅನುಬಂಧದಲ್ಲಿ 35 ಆಹಾರ ಬೆಳೆ, 29 ಮೇವಿನ ಬೆಳೆಗಳ ಪಟ್ಟಿ ಇದೆ. ಈ ಬೆಳೆಗಳ ಬೀಜವನ್ನು ಸದಸ್ಯ ದೇಶಗಳು ಒಂದೇ ನಮೂನೆಯ ಕರಾರಿನ ಮೇಲೆ ಒಬ್ಬರಿಗೊಬ್ಬರು ಕೊಡಬೇಕು. ಪ್ರತಿ ಸಲ ಹೊಸ ಚೌಕಾಸಿ ಇಲ್ಲ. ಪಡೆದ ಬೀಜದ ಮೇಲೆ, ಪಡೆದ ರೂಪದಲ್ಲೇ, ಬೇರೆಯವರಿಗೆ ಸಿಗದಂತೆ ಯಾರೂ ಹಕ್ಕು ಹಾಕುವಂತಿಲ್ಲ. ತೊಗರಿ ಆ ಪಟ್ಟಿಯಲ್ಲಿದೆ. ಜೋಳ, ಸಜ್ಜೆ, ಕಡಲೆ ಇವೆ, ಹೆಸರು ಉದ್ದಿನ ಕುಲವೂ ಇದೆ. ಶೇಂಗಾ ಇಲ್ಲ, ಸೋಯಾ ಇಲ್ಲ, ನಮ್ಮ ಕುಸುಬೆಯೂ ಇಲ್ಲ. ಬೀದರ್ ಜಿಲ್ಲೆಯಲ್ಲಿ ಈಗ ಎಲ್ಲಿ ನೋಡಿದರೂ ಸೋಯಾ. ನಾಳೆ ಅದಕ್ಕೆ ಒಂದು ಹೊಸ ರೋಗ ಬಂದು, ಅದರ ಮದ್ದು ಬೇರೆ ಯಾವುದೋ ದೇಶದ ಸೋಯಾದಲ್ಲಿದ್ದರೆ, ಆ ದೇಶ ಈ ಕರಾರಿನ ಮೇಲೆ ಕೊಡಲೇಬೇಕು ಅಂತ ಇಲ್ಲ. ಒಪ್ಪಂದದ ಬೆಲೆ ಏನು ಅಂತ ಕೇಳಿದರೆ ನಾನು ಈ ಪಟ್ಟಿಯನ್ನೇ ತೋರಿಸುತ್ತೇನೆ.

2006ರಲ್ಲಿ ಇಕ್ರಿಸ್ಯಾಟ್ ಮತ್ತು ಅದರಂಥ ಬೇರೆ ಅಂತರರಾಷ್ಟ್ರೀಯ ಕೇಂದ್ರಗಳು ತಮ್ಮ ಬೀಜ ಭಂಡಾರಗಳನ್ನು ಈ ಒಪ್ಪಂದದ ಕೆಳಗೆ ತಂದವು. ಇದು ಬಹಳ ದೊಡ್ಡ ವಿಷಯ. ಪಟಾನ್‌ಚೆರುವಿನ ಆ 13 ಸಾವಿರ ತೊಗರಿ ಇನ್ನು ಯಾವ ಸಂಸ್ಥೆಯ ಸ್ವಂತ ಆಸ್ತಿಯೂ ಅಲ್ಲ. ನಿರ್ದೇಶಕರು ಬದಲಾದರೆ, ಸರ್ಕಾರ ಬದಲಾದರೆ, ದುಡ್ಡಿನ ಕೊರತೆ ಬಂದರೆ ಅದನ್ನು ಮಾರುವಂತಿಲ್ಲ, ಮುಚ್ಚಿಡುವಂತಿಲ್ಲ. ಕಲಬುರಗಿಯ ವಿಜ್ಞಾನಿ ಒಂದು ನಮೂನೆ ತುಂಬಿ ಕೇಳಿದರೆ ಬೀಜ ಕೊಡಬೇಕು.

ಹೀಗೆ ಇಟ್ಟ ಬೀಜ ನಿಜವಾಗಿ ಕೆಲಸಕ್ಕೆ ಬರುತ್ತಾ? ಸಿರಿಯಾದ ಅಲೆಪ್ಪೊ ಹತ್ತಿರ ಇಕಾರ್ಡಾ ಅನ್ನುವ ಕೇಂದ್ರ ಇತ್ತು. ಕಡಲೆ, ಮಸೂರ, ಗೋಧಿ, ಬಾರ್ಲಿಯ ದೊಡ್ಡ ಭಂಡಾರ ಅದರದು. ಯುದ್ಧ ಬಂದು ಅಲ್ಲಿ ಕೆಲಸ ಮಾಡುವುದೇ ಅಸಾಧ್ಯವಾಯಿತು. ಆದರೆ ಅದರ ಪ್ರತಿ ಮಾದರಿಗಳು ನಾರ್ವೆಯ ಸ್ವಾಲ್‌ಬಾರ್ಡ್‌ನಲ್ಲಿ, 2008ರಲ್ಲಿ ತೆರೆದ ಹಿಮಗುಡ್ಡದ ಭಂಡಾರದಲ್ಲಿದ್ದವು. 2015ರಲ್ಲಿ ಅಲ್ಲಿಂದ ವಾಪಸ್ ಪಡೆದು ಲೆಬನಾನ್, ಮೊರಾಕ್ಕೊದಲ್ಲಿ ಮತ್ತೆ ಬಿತ್ತಿ ಬೆಳೆಸಿದರು. ಇಕ್ರಿಸ್ಯಾಟ್‌ನ ಬೀಜಗಳ ಪ್ರತಿಯೂ ಅದೇ ಗುಡ್ಡದಲ್ಲಿದೆ.

ದೊಡ್ಡ ಕಾಕಾ ಕೇಳಿದ ಪ್ರಶ್ನೆ

ಇದನ್ನೆಲ್ಲ ಕೂತು ಹೇಳಿದಾಗ ದೊಡ್ಡ ಕಾಕಾ ಸುಮ್ನೆ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಹಂಗಾದ್ರ ಆಫ್ರಿಕಾದವ್ರಿಗೂ ಇದೇ ಬೀಜಾ ಹೋಗ್ತದ. ಅವ್ರು ಬೆಳೀತಾರ. ಆ ತೊಗರಿ ಹಡಗದಾಗ ಬಂದು ನಮ್ಮ ಗಂಜದಾಗ ರೇಟ್ ಬೀಳ್ತದ. ಇದು ನಮಗ ಒಳ್ಳೇದು ಹೆಂಗಾತು?"

ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ಮಲಾವಿ, ತಾಂಜಾನಿಯಾ, ಮೊಜಾಂಬಿಕ್‌ನಲ್ಲಿ ತೊಗರಿ ಬೆಳೆಯುತ್ತಾರೆ. ಅಲ್ಲೂ ನೆಟೆ ರೋಗ ಇದೆ. ಅಲ್ಲೂ ಇಕ್ರಿಸ್ಯಾಟ್‌ನ ಮೂಲಕವೇ ರೋಗ ತಡೆಯುವ ತಳಿಗಳು ಹೋಗಿವೆ. ಅಲ್ಲಿಂದ ರಫ್ತಾಗುವ ತೊಗರಿಯಲ್ಲಿ ಬಹುಪಾಲು ಬರುವುದು ಭಾರತಕ್ಕೇ. 2021ರಿಂದ ತೊಗರಿ ಆಮದಿಗೆ ಕೇಂದ್ರ ಸರ್ಕಾರ ಮುಕ್ತ ಅವಕಾಶ ಕೊಟ್ಟಿದೆ, ಅದನ್ನು ವರ್ಷ ವರ್ಷ ಮುಂದುವರಿಸುತ್ತಾ ಬಂದಿದೆ. ಕಲಬುರಗಿ ರೈತರ ಸಿಟ್ಟಿಗೆ ಕಾರಣ ಇದೆ.

ನನ್ನ ಉತ್ತರ ಇಷ್ಟು. ಆಮದು ಸುಂಕ ಎಷ್ಟಿರಬೇಕು, ಯಾವ ತಿಂಗಳಲ್ಲಿ ಬಾಗಿಲು ಮುಚ್ಚಬೇಕು ಅನ್ನುವುದು ದಿಲ್ಲಿ ತೀರ್ಮಾನಿಸುವ ವ್ಯಾಪಾರ ನೀತಿ. ಅದನ್ನು ಬದಲಿಸಿ ಅಂತ ಜಗಳ ಆಡಲೇಬೇಕು. ಆದರೆ ಮಲಾವಿ ರೈತನಿಗೆ ಬೀಜ ಸಿಗದಂತೆ ಮಾಡಿದರೆ ನಮಗೆ ರೇಟ್ ಸಿಗುತ್ತದೆ ಅನ್ನುವ ಲೆಕ್ಕ ಸರಿ ಇಲ್ಲ. ಯಾಕಂದ್ರೆ ನಾಳೆ ನಮ್ಮ ನೆಲದಲ್ಲಿ ಎದ್ದ ಹೊಸ ರೂಪದ ನೆಟೆ ರೋಗವನ್ನು ತಡೆಯುವ ಗುಣ ಅವರ ಊರಿನ ತೊಗರಿಯಲ್ಲೇ ಇರಬಹುದು. ನಾವು ಬಾಗಿಲು ಹಾಕಿದರೆ ಅವರೂ ಹಾಕುತ್ತಾರೆ. ತೊಗರಿಯ ತವರು ಭಾರತವೇ ಆದರೂ, ನೂರಾರು ವರ್ಷ ಬೇರೆ ನೆಲದಲ್ಲಿ, ಬೇರೆ ರೋಗಗಳ ನಡುವೆ ಬೆಳೆದ ಬೀಜದಲ್ಲಿ ಇಲ್ಲಿ ಇಲ್ಲದ ಗುಣ ಸೇರಿರುತ್ತದೆ.

ದುಡ್ಡು ಹಂಚುವ ವಿಷಯದಲ್ಲಿ ಮಾತ್ರ ರೋಮ್ ಒಪ್ಪಂದ ಬಹಳ ಹಿಂದೆ ಬಿದ್ದಿದೆ, ಇದನ್ನು ಮುಚ್ಚಿಡಬಾರದು. ಭಂಡಾರದ ಬೀಜದಿಂದ ತಳಿ ಮಾಡಿ, ಅದನ್ನು ಬೇರೆಯವರು ಸಂಶೋಧನೆಗೆ ಬಳಸದಂತೆ ಕಟ್ಟಿಹಾಕಿ ಮಾರುವವರು ಮಾರಾಟದ ಶೇ 1ಕ್ಕಿಂತಲೂ ಸ್ವಲ್ಪ ಕಡಿಮೆ ಪಾಲನ್ನು ಸಾಮಾನ್ಯ ನಿಧಿಗೆ ಕಟ್ಟಬೇಕು. ಹೀಗೆ ತಳಿಯ ಮಾರಾಟದಿಂದ ಮೊದಲ ಸಲ ದುಡ್ಡು ಬಂದದ್ದು 2018ರಲ್ಲಿ, ನೆದರ್ಲೆಂಡ್ಸ್‌ನ ಒಂದು ತರಕಾರಿ ಬೀಜ ಕಂಪನಿಯಿಂದ, ಸುಮಾರು 1 ಲಕ್ಷ 19 ಸಾವಿರ ಡಾಲರ್. ಜಾರಿಯಾಗಿ 14 ವರ್ಷಕ್ಕೆ ಇಷ್ಟು. ಜೊತೆಗೆ ಈಗ ಬೀಜವೇ ಬೇಕಂತಿಲ್ಲ, ಅದರ ಜೀನ್‌ಗಳ ಮಾಹಿತಿ ಕಂಪ್ಯೂಟರಿನಲ್ಲಿದ್ದರೆ ಸಾಕು. ತೊಗರಿಯ ಜೀನೋಮ್ ಓದಿ ಮುಗಿಸಿದ್ದು 2011ರಲ್ಲಿ, ಅದಕ್ಕೆ ಬಳಸಿದ್ದು ಇದೇ ಆಶಾ ತಳಿ. ಇಂಥ ಮಾಹಿತಿಯಿಂದ ಲಾಭ ಮಾಡುವ ಕಂಪನಿಗಳು ಪಾಲು ಕೊಡಲಿ ಅಂತ 2025ರ ಫೆಬ್ರವರಿಯಲ್ಲಿ ಜೀವವೈವಿಧ್ಯ ಒಪ್ಪಂದದ ಕೆಳಗೆ ಕ್ಯಾಲಿ ನಿಧಿ ಅಂತ ಒಂದನ್ನು ಶುರು ಮಾಡಿದ್ದಾರೆ. ಅದು ಸ್ವಇಚ್ಛೆಯ ಕೊಡುಗೆಯ ಮೇಲೆ ನಿಂತಿದೆ. ಕಡ್ಡಾಯ ಮಾಡದೆ ದುಡ್ಡು ಬರುತ್ತದೆ ಅಂತ ನನಗೆ ನಂಬಿಕೆ ಇಲ್ಲ.

ಪಂಚಾಯಿತಿಯ ರಿಜಿಸ್ಟರ್

ಸರಪಳಿಯ ಈ ತುದಿಗೆ ಬರೋಣ. ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಇಲ್ಲಿ.

2002ರ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡಮರ, ಬೆಳೆ ತಳಿ, ದನಕರು, ನಾಟಿ ಔಷಧಿ ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆಯಬೇಕು. ವರ್ಷಗಟ್ಟಲೆ ಇದು ಆಗಲೇ ಇಲ್ಲ. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2020ರ ಜನವರಿ 31ರೊಳಗೆ ಮುಗಿಸಿ, ಇಲ್ಲದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂತ 2019ರಲ್ಲಿ ಅದು ಹೇಳಿತು. ಆಮೇಲೆ ದೇಶದ ತುಂಬ ಓಡೋಡಿ ಬರೆಸಿದರು.

ನಮ್ಮ ಕಾಕಾಗಳ ಊರಿನ ದಾಖಲಾತಿಯನ್ನು ಕೇಳಿ ನೋಡಿದೆ. ಬೆಳೆಗಳ ನಮೂನೆ ಚೆನ್ನಾಗಿದೆ, ಅದನ್ನು ರೂಪಿಸಿದವರು ತಿಳಿದವರೇ. ಬೆಳೆ, ಸ್ಥಳೀಯ ಹೆಸರು, ತಳಿ, ಎಷ್ಟು ಜಾಗದಲ್ಲಿ ಇದೆ, ಮುಂಚೆ ಹೇಗಿತ್ತು ಈಗ ಹೇಗಿದೆ, ಬೀಜ ಎಲ್ಲಿಂದ ಬಂತು, ಗೊತ್ತಿರುವ ವ್ಯಕ್ತಿ ಯಾರು, ಎಲ್ಲಕ್ಕೂ ಅಂಕಣ ಇದೆ. ತುಂಬಿದ್ದು ಮಾತ್ರ ಒಂದೇ ಸಾಲು: ತೊಗರಿ. ತಳಿಯ ಅಂಕಣ ಖಾಲಿ. ಬೀಜದ ಮೂಲದಲ್ಲಿ 'ಮಾರುಕಟ್ಟೆ' ಅಂತ ಇತ್ತು. ಬರೆಯಲು ಬಂದವರು ಊರಲ್ಲಿ ಯಾರ ಮನೆಗೂ ಹೋಗಿರಲಿಲ್ಲ.

ಹೋಗಿದ್ದರೆ ದೊಡ್ಡ ಕಾಕಾನ ಮನೆಯಲ್ಲೇ ಒಂದು ಬೇರೆ ತೊಗರಿ ಸಿಗುತ್ತಿತ್ತು. ಅವರ ತಾಯಿ, ನಮಗೆಲ್ಲ ಆಯಿ, ಗುಳ್ಯಾಳ ಅನ್ನುವ ಹಳೆಯ ತೊಗರಿಯನ್ನು ಮನೆ ಬೇಳೆಗೆ ಅಂತ ಬದುವಿನ ಗುಂಟ ಒಂದೆರಡು ಸಾಲು ಇವತ್ತಿಗೂ ಹಾಕಿಸುತ್ತಾರೆ. ಕಾಳು ದಪ್ಪ. ಗಡಿಗೆಯಲ್ಲಿ ಕೆಳಗೆ ಒಂದು ಹಿಡಿ ಬೂದಿ, ಮೇಲೆ ಕಾಳು, ನಡುವೆ ಒಣಗಿದ ಬೇವಿನ ಎಲೆ, ಮತ್ತೆ ಬೂದಿ, ಬಾಯಿಗೆ ಬಟ್ಟೆ ಕಟ್ಟಿ ಸೆಗಣಿ ಸಾರಿಸಿದ್ದು. "ಆ ಸರ್ಕಾರಿ ತೊಗರಿ ಬ್ಯಾಳಿ ಕುದಿಯೂದೇನೋ ಕುದೀತದ, ಆದ್ರ ಈ ರುಚಿ ಬರಂಗಿಲ್ಲ" ಅನ್ನುವುದು ಆಯಿಯ ಮಾತು.

ಗುಳ್ಯಾಳಕ್ಕೆ ನೆಟೆ ರೋಗ ತಡೆಯುವ ತಾಕತ್ತಿಲ್ಲ. ಹಾಗಾದರೆ ಅದನ್ನು ಬರೆದಿಟ್ಟು ಏನು ಮಾಡುವುದು ಅಂತ ಕೇಳಬಹುದು. ಭಂಡಾರದಲ್ಲಿರುವ ಸಾವಿರಾರು ಮಾದರಿಗಳಲ್ಲಿ ಬಹಳಷ್ಟು ನೆಟೆ ರೋಗಕ್ಕೆ ಸೋಲುವಂಥವೇ. ಒಂದು ರೋಗಕ್ಕೆ ಸೋತ ಬೀಜ ಬರಕ್ಕೆ ಗಟ್ಟಿಯಾಗಿರಬಹುದು, ಬೇಳೆಯ ರುಚಿ ಕೊಡಬಹುದು, ಇನ್ನೂ ಹುಟ್ಟದ ರೋಗಕ್ಕೆ ಮದ್ದಾಗಬಹುದು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತು, ನಮಗೆಲ್ಲ ಹೆಮ್ಮೆ. ಆ ಹೆಸರು ಕಟ್ಟಿದ್ದರಲ್ಲಿ ಇಲ್ಲಿನ ಮಣ್ಣು, ನೀರಿನ ಜೊತೆ ಇಂಥ ಹಳೆಯ ಬೀಜಗಳ ಪಾಲೂ ಇದೆ. ಮಾಂಟ್ರಿಯಲ್‌ನ ನಾಲ್ಕನೇ ಗುರಿ ಕಾಪಾಡಿ ಅನ್ನುವುದು ಇದನ್ನೇ. ಸ್ವಾಲ್‌ಬಾರ್ಡ್‌ನಲ್ಲಿ ಬಾಗಿಲು ಎಷ್ಟು ಗಟ್ಟಿ ಇದ್ದರೇನು, ಆಯಿಯ ಗಡಿಗೆಯ ಬೀಜ ಅಲ್ಲಿಗೆ ತಲುಪುವ ದಾರಿ ಪಂಚಾಯಿತಿಯ ಖಾಲಿ ಅಂಕಣದಲ್ಲೇ ನಿಂತುಹೋದರೆ?

ಮುಂದೆ ಆದದ್ದು

2023ರಲ್ಲಿ ದೊಡ್ಡ ಕಾಕಾ ಅರ್ಧ ಹೊಲಕ್ಕೆ ಮಾತ್ರ ತೊಗರಿ ಹಾಕಿದರು, ರೈತ ಸಂಪರ್ಕ ಕೇಂದ್ರದ ಹೊಸ ಬೀಜ, ಜಿಆರ್‌ಜಿ-811. ಟ್ರೈಕೊಡರ್ಮಾ ಹಚ್ಚಿ ಬಿತ್ತಿದರು. ಉಳಿದರ್ಧಕ್ಕೆ ಹೆಸರು, ಆಮೇಲೆ ಜೋಳ. ಆ ವರ್ಷ ಮಳೆಯೇ ಕೈಕೊಟ್ಟಿತು, ರಾಜ್ಯದ ಹೆಚ್ಚಿನ ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದರು. ಹಾಗಾಗಿ ಆ ಇಳುವರಿ ನೋಡಿ ಬೀಜದ ಬಗ್ಗೆ ತೀರ್ಪು ಕೊಡಕ್ಕಾಗಲ್ಲ. ನೆಟೆ ರೋಗದ ಗಿಡ ಕಮ್ಮಿ ಇತ್ತು, ಅಷ್ಟನ್ನು ಇಬ್ಬರೂ ಒಪ್ಪುತ್ತಾರೆ. ಆದರೆ ಒಣ ವರ್ಷದಲ್ಲಿ ಒಂದು ಹೊಲ ನೋಡಿ ಹೇಳುವ ಮಾತು ಅದು.

ಮನೆ ಬೀಜ ಬಿಡಬೇಕಾ ಅಂತ ದೊಡ್ಡ ಕಾಕಾಗೆ ಆತಂಕ ಇತ್ತು. ಬಿಡಬೇಕಾಗಿಲ್ಲ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತನಿಗೆ ಬೀಜ ಉಳಿಸಲು, ಬಿತ್ತಲು, ಹಂಚಲು, ಬ್ರ್ಯಾಂಡ್ ಹಾಕದೆ ಮಾರಲು ಹಕ್ಕು ಕೊಟ್ಟಿದೆ. ರೋಮ್ ಒಪ್ಪಂದದ ಒಂಬತ್ತನೇ ವಿಧಿಯೂ ರೈತರ ಹಕ್ಕುಗಳನ್ನೇ ಕುರಿತದ್ದು. ಎರಡು ಮೂರು ವರ್ಷಕ್ಕೊಮ್ಮೆ ಶುದ್ಧ ಬೀಜ ತಂದು ಸೇರಿಸಿಕೊಂಡರೆ ಸಾಕು, ತಮ್ಮ ಮಾಡುತ್ತಿದ್ದ ಹಾಗೆ.

ದಾಖಲಾತಿಯ ವಿಷಯ ಇನ್ನೂ ನಡೆಯುತ್ತಿದೆ. ತಿದ್ದುಪಡಿಗೆ ಅರ್ಜಿ ಕೊಟ್ಟಿದ್ದೇವೆ. ತೊಗರಿಯ ಸಾಲಿನ ಕೆಳಗೆ ಗುಳ್ಯಾಳ, ಬಿತ್ತುವ ಕಾಲ, ಕಾಳಿನ ಗಾತ್ರ, ಗಡಿಗೆಯಲ್ಲಿ ಇಡುವ ಕ್ರಮ, ಗೊತ್ತಿರುವ ವ್ಯಕ್ತಿಯ ಅಂಕಣದಲ್ಲಿ ಆಯಿಯ ಹೆಸರು, ಇಷ್ಟನ್ನು ಬರೆಯಿರಿ ಅಂತ ಕೇಳಿದ್ದೇವೆ. ಸಮಿತಿಯ ಸದಸ್ಯರಲ್ಲಿ ಇಬ್ಬರು ಆಯಿಯ ಮನೆಗೆ ಬಂದು ಬೀಜ ನೋಡಿ ಹೋಗಿದ್ದಾರೆ. ಊರಲ್ಲಿ ಇನ್ನೂ ಎರಡು ಮನೆಯಲ್ಲಿ ಬೇರೆ ಹಳೆಯ ತೊಗರಿ ಇದೆ ಅಂತ ಅವರೇ ಹೇಳಿದರು. ಈ ಸಲದ ರಾಶಿ ಮುಗಿದ ಮೇಲೆ ಮೂರೂ ಮನೆಯಿಂದ ಒಂದೊಂದು ಕಿಲೋ ಕಾಳು ತೆಗೆದು ಕಲಬುರಗಿಯ ಸಂಶೋಧನಾ ಕೇಂದ್ರಕ್ಕೆ ಕೊಟ್ಟು ಬರುವುದು ಅಂತ ಮಾತಾಗಿದೆ.